ನಾಯಿ ಕಚ್ಚಿದರೆ ಔಷಧಿ ಡಬ್ಬಿಗಿಂತ ಮೊದಲು ನಲ್ಲಿ

ಪ್ರಶ್ನೆ: ನಮ್ಮದು ಅರಸೀಕೆರೆ ಕಡೆ ತೋಟದ ಮನೆ. ಮೊನ್ನೆ ಸಂಜೆ ಟ್ಯೂಷನ್ ಮುಗಿಸಿ ಬರುವಾಗ ನನ್ನ 8 ವರ್ಷದ ಮಗನ ಮೀನಖಂಡಕ್ಕೆ ಪಕ್ಕದ ತೋಟದವರ ನಾಯಿ ಕಚ್ಚಿತು. ಎರಡು ಹಲ್ಲಿನ ಗುರುತು ಮೂಡಿದೆ, ಸ್ವಲ್ಪ ರಕ್ತ ಬಂತು. ನಮ್ಮ ಅತ್ತೆ ಸುಣ್ಣ, ಅರಿಶಿನ ಕಲಸಿ ಹಚ್ಚಿದರು. ಹತ್ತಿರದ ಕ್ಲಿನಿಕ್‌ನಲ್ಲಿ ಟಿಟಿ ಹಾಕಿ ಮಾತ್ರೆ ಕೊಟ್ಟು ಕಳಿಸಿದರು. ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಅವರ ಮನೆಯವರು ಹೇಳುತ್ತಾರೆ, ನಾಯಿಯೂ ಚೆನ್ನಾಗಿಯೇ ಓಡಾಡಿಕೊಂಡಿದೆ. ಆದರೂ ಇಂಜೆಕ್ಷನ್ ಬೇಕಾ? ಹೊಕ್ಕುಳ ಸುತ್ತ 14 ಚುಚ್ಚುತ್ತಾರಂತೆ ಎಂದು ಮಗ ಅಳುತ್ತಿದ್ದಾನೆ. ಇನ್ನು ಮುಂದೆ ಮನೆಯಲ್ಲಿ ಏನೇನು ಔಷಧಿ ಇಟ್ಟುಕೊಂಡಿರಬೇಕು ಅದನ್ನೂ ಹೇಳಿ.

ಉತ್ತರ:

ಅಮ್ಮಾ, ಮೊದಲು ಎರಡು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಮಗನ ಕಾಲಿನ ಗಾಯವನ್ನು ಈಗಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಎರಡು ದಿನ ಆಗಿದೆಯಲ್ಲ, ಈಗ ತೊಳೆದು ಏನು ಬಂತು ಅನ್ನಬೇಡಿ, ತೊಳೆಯಿರಿ. ಆಮೇಲೆ ಅವನನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ. ನಾಳೆ ಬೆಳಿಗ್ಗೆ ಅಲ್ಲ, ಇವತ್ತೇ. ಭಾನುವಾರವಾದರೂ ಸರಿ, ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಹೇಳಬೇಕಾದ ಮಾತು ಇಷ್ಟೇ: "ನಾಯಿ ಕಚ್ಚಿದೆ, ರಕ್ತ ಬಂದಿದೆ, ರೇಬೀಸ್ ಲಸಿಕೆ ಬೇಕು, ಗಾಯಕ್ಕೆ ಸೀರಮ್ ಕೂಡ ಬೇಕು." ಕೊನೆಯ ಮಾತನ್ನು ಮರೆಯಬೇಡಿ. ಏಕೆ ಅಂತ ಮುಂದೆ ಹೇಳುತ್ತೇನೆ.

ತಡವಾಯಿತು ಅಂತ ಗಾಬರಿಯೂ ಬೇಡ. ಎರಡು ದಿನ ಹೋಗಿದೆ, ಆದರೆ ದಾರಿ ಮುಚ್ಚಿಲ್ಲ. ವಾರ ಕಳೆದು ಬಂದವರಿಗೂ, ತಿಂಗಳಾದ ಮೇಲೆ ನೆನಪಾಗಿ ಬಂದವರಿಗೂ ನಾವು ಲಸಿಕೆ ಶುರು ಮಾಡುತ್ತೇವೆ. ರೋಗದ ಲಕ್ಷಣ ಕಾಣುವ ಮೊದಲು ಯಾವತ್ತು ಬಂದರೂ ಹಾಕಬೇಕು ಅನ್ನುವುದೇ ನಿಯಮ. ಲಕ್ಷಣ ಕಂಡ ಮೇಲೆ ಮಾತ್ರ ಯಾವ ಆಸ್ಪತ್ರೆಯಲ್ಲೂ ಔಷಧಿ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಸುಣ್ಣ ಅಲ್ಲ, ಟಿಟಿ. ನಮ್ಮ ಕಡೆ "ಇಂಜೆಕ್ಷನ್ ಹಾಕಿಸಿಕೊಂಡು ಬಂದ್ವಿ" ಅಂದರೆ ಎಷ್ಟೋ ಸಲ ಬರೀ ಟಿಟಿ ಆಗಿರುತ್ತದೆ. ಟಿಟಿ ಇರುವುದು ಧನುರ್ವಾಯುವಿಗೆ. ಅದು ಬೇಕು, ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ರೇಬೀಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಕೊಟ್ಟಿರುವ ಮಾತ್ರೆ ಕೀವು ಆಗದಿರಲಿ ಅಂತ, ಅದೂ ರೇಬೀಸ್ ವೈರಸ್ಸನ್ನು ಮುಟ್ಟುವುದಿಲ್ಲ. ಮನೆಯವರಿಗೆ ಮಾತ್ರ ಚಿಕಿತ್ಸೆ ಮುಗಿಯಿತು ಅನ್ನಿಸಿಬಿಡುತ್ತದೆ. ಹಾಗೆ ಅನ್ನಿಸುವುದೇ ಅಪಾಯ.

ಬಹಳ ವರ್ಷಗಳ ಹಿಂದೆ, ನಾನು ಇನ್ನೂ ಹೊಸಬನಾಗಿದ್ದಾಗ, ಒಬ್ಬ ಹುಡುಗನನ್ನು ಅವನ ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ. ಇಪ್ಪತ್ತರ ಆಸುಪಾಸು ವಯಸ್ಸು. ಎರಡು ದಿನದಿಂದ ಜ್ವರ, ಕೈ ಜುಮ್ ಅನ್ನುತ್ತದೆ, ಗಂಟಲು ನೋವು, ಏನೂ ನುಂಗಲು ಆಗುತ್ತಿಲ್ಲ ಅಂದರು. ನರ್ಸ್ ಒಂದು ಲೋಟ ನೀರು ಕೊಟ್ಟರು. ಅವನಿಗೆ ಬಾಯಾರಿತ್ತು, ಕುಡಿಯಬೇಕು ಅಂತಲೇ ಕೈ ಚಾಚಿದ. ಲೋಟ ತುಟಿ ಹತ್ತಿರ ಬಂತು, ಕತ್ತಿನ ನರಗಳೆಲ್ಲ ಎದ್ದು ನಿಂತವು, ಗಂಟಲು ಬಿಗಿದುಕೊಂಡಿತು, ಲೋಟ ಕೈ ಜಾರಿ ಬಿತ್ತು. ಮೇಲೆ ಫ್ಯಾನ್ ತಿರುಗುತ್ತಿತ್ತು, ಅದರ ಗಾಳಿ ಮುಖಕ್ಕೆ ಬಡಿದರೂ ಹಾಗೇ ಆಗುತ್ತಿತ್ತು. ನಾನು ಅಣ್ಣನನ್ನು ಪಕ್ಕಕ್ಕೆ ಕರೆದು ಕೇಳಿದೆ, ನಾಯಿ ಏನಾದರೂ ಕಚ್ಚಿತ್ತಾ ಅಂತ. ಇಲ್ಲ ಸರ್ ಅಂದ. ಸ್ವಲ್ಪ ಹೊತ್ತು ಬಿಟ್ಟು, ಎರಡು ತಿಂಗಳ ಹಿಂದೆ ಬೀದಿಯ ಮರಿಯೊಂದನ್ನು ಎತ್ತಿಕೊಂಡಾಗ ಹಲ್ಲು ತಾಗಿತ್ತು, ಟಿಟಿ ಹಾಕಿಸಿದ್ವಲ್ಲ ಅಂದ. ಆ ಹುಡುಗ ಉಳಿಯಲಿಲ್ಲ. ಅವತ್ತಿನಿಂದ, ನಾಯಿ ಕಚ್ಚಿದ ಯಾರೇ ಬಂದರೂ ಟಿಟಿಯೇ ಬೇರೆ, ರೇಬೀಸ್ ಲಸಿಕೆಯೇ ಬೇರೆ ಅಂತ ಬಾಯಿಬಿಟ್ಟು ಹೇಳದೆ ನಾನು ಕಳಿಸುವುದಿಲ್ಲ.

ಎರಡು ತಿಂಗಳು ಯಾಕೆ ಸುಮ್ನೆ ಇತ್ತು ಅಂತ ನೀವು ಕೇಳಬಹುದು. ವೈರಸ್ ಇರುವುದು ನಾಯಿಯ ಜೊಲ್ಲಿನಲ್ಲಿ. ಕಚ್ಚಿದಾಗ ಜೊಲ್ಲಿನ ಜೊತೆ ಗಾಯಕ್ಕೆ ಇಳಿಯುತ್ತದೆ, ಅಲ್ಲಿನ ಮಾಂಸದಲ್ಲಿ ಕೆಲವು ಕಾಲ ಇದ್ದು, ಆಮೇಲೆ ನರದೊಳಗೆ ಸೇರಿಕೊಂಡು ಮಿದುಳಿನ ಕಡೆ ನಿಧಾನವಾಗಿ ಏರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖ, ತಲೆ, ಕತ್ತಿಗೆ ಕಚ್ಚಿದ್ದರೆ ದಾರಿ ಹತ್ತಿರ, ಎರಡು ಮೂರು ವಾರಕ್ಕೇ ತಲುಪಿಬಿಡಬಹುದು. ಅದಕ್ಕೇ ಚಿಕ್ಕ ಮಕ್ಕಳ ವಿಷಯದಲ್ಲಿ ನಾವು ಅಷ್ಟು ಅವಸರ ಮಾಡುವುದು. ಅವರ ಎತ್ತರಕ್ಕೆ ನಾಯಿಯ ಬಾಯಿ ನೇರ ಮುಖಕ್ಕೇ ಸಿಗುತ್ತದೆ.

ಚಿಕಿತ್ಸೆ ಅನ್ನುವುದೆಲ್ಲ, ನರ ಸೇರುವ ಮೊದಲು ಆ ವೈರಸ್ಸನ್ನು ಹಿಡಿಯುವ ಕೆಲಸ. ಅದರಲ್ಲಿ ಮೊದಲ ಪಾಲು ಸೋಪಿನದು. ರೇಬೀಸ್ ವೈರಸ್ ಮೇಲೆ ಕೊಬ್ಬಿನ ತೆಳು ಪೊರೆ ಇರುತ್ತದೆ. ಒಗ್ಗರಣೆ ಸೌಟಿನ ಜಿಡ್ಡನ್ನು ಸೋಪು ಬಿಡಿಸುತ್ತದಲ್ಲ, ಈ ಪೊರೆಯನ್ನೂ ಹಾಗೇ ಕರಗಿಸಿಬಿಡುತ್ತದೆ. ಪೊರೆ ಹೋದರೆ ವೈರಸ್ ಸತ್ತ ಹಾಗೆ. ಕೊರೊನಾ ಕಾಲದಲ್ಲಿ ಸೋಪು ಹಾಕಿ ಕೈ ತೊಳೆಯಿರಿ ಅಂದಿದ್ದಕ್ಕೂ ಇದೇ ಕಾರಣ. ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಸೋಪು, ಆಸ್ಪತ್ರೆ ತಲುಪುವ ಮೊದಲೇ, ನಾವು ಮಾಡಬೇಕಾದ ಕೆಲಸದಲ್ಲಿ ದೊಡ್ಡ ಪಾಲು ಮಾಡಿ ಮುಗಿಸಿರುತ್ತದೆ.

ತೊಳೆಯುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೊಳೆದ್ವಿ ಸಾರ್ ಅಂತ ಎಲ್ಲರೂ ಹೇಳುತ್ತಾರೆ, ಕೇಳಿದರೆ ಒಂದು ಚೊಂಬು ನೀರು ಸುರಿದಿರುತ್ತಾರೆ ಅಷ್ಟೇ. ಮಗನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಕಾಲು ನಲ್ಲಿಯ ಕೆಳಗೆ ಬರಲಿ. ನಲ್ಲಿ ಇಲ್ಲದಿದ್ದರೆ ಒಬ್ಬರು ಮೇಲಿನಿಂದ ಚೊಂಬಿನಲ್ಲಿ ಬಿಡದೆ ಹೊಯ್ಯುತ್ತಿರಲಿ. ತೋಟದ ಪಂಪಿನ ಪೈಪ್ ಆದರೂ ಆಗುತ್ತದೆ, ರಭಸ ಮಾತ್ರ ಕಡಿಮೆ ಇರಲಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಶುದ್ಧವಾದ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ, ನಿಮ್ಮ ಕೈಯಲ್ಲೂ ಸೀಳು ಗೀಳು ಇರಬಹುದು. ಸೋಪಿನ ನೊರೆ ಮಾಡಿ ಗಾಯದ ಮೇಲೆ, ಸುತ್ತ, ಹಲ್ಲು ಇಳಿದ ತೂತಿನ ಬಾಯಿಗೆ ಹಚ್ಚಿ, ನೀರು ಬಿಡಿ, ಮತ್ತೆ ನೊರೆ, ಮತ್ತೆ ನೀರು. ಒರಟಾಗಿ ತಿಕ್ಕಬೇಡಿ, ಬ್ರಷ್ ಬೇಡ, ಗಾಯ ಹಿಂಡುವುದೂ ಬೇಡ. ಉರಿಯುತ್ತದೆ, ಮಗು ಕಿರುಚುತ್ತದೆ. ಮೂರನೆಯ ನಿಮಿಷಕ್ಕೆ ಸಾಕು ಅನ್ನಿಸುತ್ತದೆ, ಮನೆಯವರೂ ಸಾಕು ಬಿಡು ಅನ್ನುತ್ತಾರೆ. ಬಿಡಬೇಡಿ. ಫೋನಿನಲ್ಲಿ 15 ನಿಮಿಷಕ್ಕೆ ಅಲಾರಾಂ ಇಟ್ಟು ಅದು ಹೊಡೆಯುವವರೆಗೂ ತೊಳೆಯಿರಿ. ಅಜ್ಜಿ ಪಕ್ಕದಲ್ಲಿ ಕೂತು ಕಥೆ ಹೇಳಲಿ, ಅವರಿಗೂ ಸುಣ್ಣಕ್ಕಿಂತ ಒಳ್ಳೆಯ ಕೆಲಸ ಸಿಕ್ಕಂತಾಗುತ್ತದೆ.

ರಕ್ತ ಚಿಮ್ಮುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಮೊದಲು ಶುದ್ಧ ಬಟ್ಟೆ ಮಡಿಸಿ ಗಾಯದ ಮೇಲೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ತೊಳೆಯುವುದು ಆಮೇಲೆ.

ಸುಣ್ಣದ ವಿಷಯ. ನಿಮ್ಮ ಅತ್ತೆಯ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಅವರು ಕಂಡದ್ದನ್ನು, ಕೇಳಿದ್ದನ್ನು ಪ್ರೀತಿಯಿಂದಲೇ ಮಾಡಿದ್ದಾರೆ. ಆದರೆ ಸುಣ್ಣ ಚರ್ಮವನ್ನು ಸುಡುತ್ತದೆ. ಸುಟ್ಟ ಜಾಗ ಹೆಪ್ಪುಗಟ್ಟಿ ಮುಚ್ಚಿಕೊಂಡರೆ ಒಳಗಿನ ಜೊಲ್ಲು ಒಳಗೇ ಉಳಿಯುತ್ತದೆ, ಸೋಪು ನೀರು ಅಲ್ಲಿಗೆ ಹೋಗುವುದಿಲ್ಲ. ಖಾರದ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ, ಬೀಡಿಯ ಬೂದಿ, ಇವೆಲ್ಲ ಗಾಯವನ್ನು ಕೆರಳಿಸುತ್ತವೆ, ಕೆರಳಿದ ಗಾಯದಲ್ಲಿ ವೈರಸ್‌ಗೆ ನರದ ತುದಿ ಸಿಗುವುದು ಇನ್ನೂ ಸುಲಭವಾಗುತ್ತದೆ. ಅರಿಶಿನ ಅಡುಗೆಗೆ ಒಳ್ಳೆಯದು, ತರಚಿದ ಮೊಣಕಾಲಿಗೆ ಹಚ್ಚಿದರೂ ನಾನು ಜಗಳ ಮಾಡುವುದಿಲ್ಲ, ನಾಯಿ ಕಚ್ಚಿದ ಗಾಯಕ್ಕೆ ಮಾತ್ರ ಬೇಡ. ಈಗ ತೊಳೆಯುವಾಗ ಆ ಪಟ್ಟು ನೆನೆದು ತಾನಾಗಿ ಬಿಡುವವರೆಗೂ ನೀರು ಬಿಡಿ, ಉಗುರಿನಿಂದ ಕೆರೆಯಬೇಡಿ. ಹಾಗೆಯೇ ನಾಟಿ ಔಷಧಿ ಕುಡಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ, ದಯವಿಟ್ಟು ಆಸ್ಪತ್ರೆಯ ದಾರಿ ಬಿಡಬೇಡಿ. "ನಮ್ಮೂರಲ್ಲಿ ಇಷ್ಟು ಜನ ಅದರಿಂದಲೇ ಉಳಿದರು" ಅನ್ನುತ್ತಾರೆ. ಕಚ್ಚಿದ ನಾಯಿಗಳೆಲ್ಲಕ್ಕೂ ರೇಬೀಸ್ ಇರುವುದಿಲ್ಲ, ಅವರು ಉಳಿದದ್ದು ಅದಕ್ಕೆ.

ಇನ್ನು ಆಸ್ಪತ್ರೆಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ಮಗನಿಗೂ ಓದಿ ಹೇಳಿ.

ಗಾಯವನ್ನು ನಾವು ಮೂರು ದರ್ಜೆ ಮಾಡುತ್ತೇವೆ. ನಾಯಿಯನ್ನು ಮುಟ್ಟಿದ್ದು, ಅದಕ್ಕೆ ಊಟ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೆಯ ದರ್ಜೆ, ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಪರಚು, ಚರ್ಮವನ್ನು ಹಲ್ಲಿನಿಂದ ಮೆಲ್ಲಗೆ ಜಗಿದಿದ್ದು ಎರಡನೆಯದು, ಇದಕ್ಕೆ ಲಸಿಕೆ. ರಕ್ತ ಬಂದಿದ್ದರೆ, ಅದು ಒಂದೇ ಹನಿಯಾದರೂ, ಅಥವಾ ಮೊದಲೇ ಇದ್ದ ಗಾಯವನ್ನು, ಕಣ್ಣು ಬಾಯಿಯನ್ನು ನೆಕ್ಕಿದ್ದರೆ ಮೂರನೆಯದು, ಇದಕ್ಕೆ ಲಸಿಕೆಯೂ ಬೇಕು, ಸೀರಮ್ಮೂ ಬೇಕು. ನಿಮ್ಮ ಮಗನದು ಮೂರನೆಯ ದರ್ಜೆ. ಗಾಯ ಚಿಕ್ಕದು ಅಂತ ಯಾರೂ ಇಳಿಸಿ ಹೇಳುವಂತಿಲ್ಲ.

ಲಸಿಕೆ ದೇಹಕ್ಕೆ ಪಾಠ ಹೇಳಿಕೊಟ್ಟ ಹಾಗೆ. ದೇಹ ಅದನ್ನು ಕಲಿತು ತಾನೇ ರಕ್ಷಣೆ ತಯಾರಿಸಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ನಡುವಿನ ದಿನಗಳಲ್ಲಿ ಗಾಯವನ್ನು ಕಾಯುವವರು ಯಾರು? ಅದಕ್ಕೇ ಸೀರಮ್. ಅದು ತಯಾರಾದ ರಕ್ಷಣೆ, ಹಾಕಿದ ಕೂಡಲೇ ಕೆಲಸ ಶುರು. ಕುದುರೆಯ ರಕ್ತದಿಂದ ತೆಗೆದದ್ದಾದರೆ ಕೆಜಿ ತೂಕಕ್ಕೆ 40 ಯೂನಿಟ್, ಮನುಷ್ಯರ ರಕ್ತದಿಂದ ತೆಗೆದದ್ದಾದರೆ 20 ಯೂನಿಟ್. ಲ್ಯಾಬಿನಲ್ಲೇ ತಯಾರಿಸಿದ ಮಾನೋಕ್ಲೋನಲ್ ಅನ್ನುವ ಹೊಸ ಬಗೆಯೂ 2017ರಿಂದ ನಮ್ಮ ದೇಶದಲ್ಲೇ ಸಿಗುತ್ತಿದೆ. ಲೆಕ್ಕ ತೂಕದ್ದಾದ್ದರಿಂದ ಮಗನನ್ನು ತಕ್ಕಡಿಯ ಮೇಲೆ ನಿಲ್ಲಿಸಿಯೇ ಔಷಧಿ ಎಳೆಯುತ್ತಾರೆ. ಎಳೆದದ್ದನ್ನು ತೋಳಿಗೆ ಹಾಕಿ ಕಳಿಸುವುದಲ್ಲ, ಗಾಯದ ಒಳಗೇ ತುಂಬಬೇಕು. ಹಲ್ಲಿನ ತೂತಿನ ಅಂಚಿಗೆ ಸೂಜಿ ಇಟ್ಟು ಮೆಲ್ಲಗೆ ಒತ್ತಿದರೆ ಸುತ್ತಲಿನ ಚರ್ಮ ಬೆಳ್ಳಗಾಗಿ ಉಬ್ಬುತ್ತದೆ, ಕೆಲವು ಸಲ ಪಕ್ಕದ ತೂತಿನಿಂದ ಹನಿಯೊಂದು ಹೊರಗೆ ಇಣುಕುತ್ತದೆ. ಆ ಹನಿ ಕಂಡರೆ ನನಗೆ ಸಮಾಧಾನ, ಔಷಧಿ ಒಳಗೆಲ್ಲ ಹರಡಿದೆ ಅಂತ ಅರ್ಥ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಒಂದೆರಡು ನಿಮಿಷದ ನೋವು. ನೀವು ಅವನ ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಂಡು ಕೂತಿರಿ.

ಈ ಸೀರಮ್ ವಿಷಯವೇ ಜಾಸ್ತಿ ತಪ್ಪಿಹೋಗುವುದು. ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುತ್ತದೆ, ಸೀರಮ್ ಎಲ್ಲ ಕಡೆ ಇರುವುದಿಲ್ಲ. "ಇಲ್ಲಿ ಇಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ" ಅಂದರೆ, ಬಸ್ಸು ಹಿಡಿದಾದರೂ ಹೋಗಲೇಬೇಕು. ಮೊದಲ ಲಸಿಕೆ ಇಲ್ಲೇ ಹಾಕಿಸಿಕೊಂಡು ಹೋಗಿ, ಅದಕ್ಕೆ ಕಾಯಬೇಡಿ. ಮೊದಲ ಲಸಿಕೆ ಬಿದ್ದು 7 ದಿನದೊಳಗೆ ಸೀರಮ್ ಹಾಕಬಹುದು, ಆಮೇಲೆ ದೇಹವೇ ರಕ್ಷಣೆ ಮಾಡಿಕೊಳ್ಳಲು ಶುರು ಮಾಡಿರುವುದರಿಂದ ಹಾಕುವುದಿಲ್ಲ. ನಿಮ್ಮ ಮಗನಿಗೆ ಲಸಿಕೆ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಸೀರಮ್ ಖಂಡಿತ ಹಾಕಬಹುದು.

ಹೊಕ್ಕುಳ ಸುತ್ತ 14 ಅನ್ನುವುದು ಹಳೆಯ ಕಾಲದ ಮಾತು. ಅದೂ ಸುಳ್ಳಲ್ಲ, ನಿಮ್ಮ ಅತ್ತೆ ಕಾಲದಲ್ಲಿ ಹಾಗೇ ಇತ್ತು. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ ಮಾಡುತ್ತಿದ್ದ ಲಸಿಕೆ ಅದು, ಹೊಟ್ಟೆಗೆ ದಿನಕ್ಕೊಂದರಂತೆ ಹಾಕುತ್ತಿದ್ದರು, ಸಂಕಟವೂ ಜಾಸ್ತಿ ಇತ್ತು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆಯೇ ನಿಂತಿತು. ಆ ಭಯ ಮಾತ್ರ ಇವತ್ತಿಗೂ ಹೋಗಿಲ್ಲ. ಈಗಿನದು ಸಣ್ಣ ಸೂಜಿ, ತೋಳಿಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರಕ್ಕೇ ಹಾಕುತ್ತಾರೆ, ಒಂದೊಂದು ತೋಳಿಗೆ 0.1 ಮಿಲಿ, ಅವರೆಕಾಳಿನಷ್ಟು ಗುಳ್ಳೆ ಏಳುತ್ತದೆ ಅಷ್ಟೇ. ಹೀಗೆ 0, 3, 7, 28ನೆಯ ದಿನ, ಒಟ್ಟು ನಾಲ್ಕು ಸಲ ಹೋಗಬೇಕು. ಖಾಸಗಿಯಲ್ಲಿ ಹೆಚ್ಚಾಗಿ ಮಾಂಸಖಂಡಕ್ಕೆ ಹಾಕುತ್ತಾರೆ, ಅದು 0, 3, 7, 14, 28, ಐದು ಸಲ. ಎರಡೂ ಒಳ್ಳೆಯವೇ, ಶುರು ಮಾಡಿದ ಬಗೆಯಲ್ಲೇ ಮುಗಿಸಿ. ಒಂದು ವಿಷಯ ಗಮನವಿಡಿ, ಈ ಲಸಿಕೆಯನ್ನು ಕುಂಡಿಗೆ ಹಾಕಬಾರದು, ಅಲ್ಲಿನ ಕೊಬ್ಬಿನಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ. ತೀರಾ ಚಿಕ್ಕ ಮಕ್ಕಳಿಗಾದರೆ ತೊಡೆಗೆ.

ದಿನ ಎಣಿಸುವುದರಲ್ಲಿ ತುಂಬ ಜನ ಎಡವುತ್ತಾರೆ. ಮೊದಲ ಇಂಜೆಕ್ಷನ್ ಹಾಕಿದ ದಿನ ಒಂದಲ್ಲ, ಸೊನ್ನೆ. ಸೋಮವಾರ ಹಾಕಿಸಿದರೆ ಮೂರನೆಯ ದಿನ ಗುರುವಾರ. ಏಳು, ಹದಿನಾಲ್ಕು, ಇಪ್ಪತ್ತೆಂಟು ಮೂರೂ ಸೋಮವಾರವೇ ಬೀಳುತ್ತವೆ. ಶುರುವಾದ ವಾರ ನೆನಪಿಟ್ಟುಕೊಂಡರೆ ಸಾಕು, ಮೂರನೆಯ ದಿನ ಒಂದು ಮಾತ್ರ ಬೇರೆ ವಾರ. ಗೋಡೆಯ ಕ್ಯಾಲೆಂಡರ್‌ನಲ್ಲಿ ಇವತ್ತೇ ಸುತ್ತು ಹಾಕಿಬಿಡಿ. ಒಂದು ದಿನ ತಪ್ಪಿತು ಅಂದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಮರುದಿನವೇ ಹೋಗಿ ಮುಂದುವರಿಸಿ. ಗಾಯ ಮಾಗಿತು ಅಂತ ಮೂರಕ್ಕೇ ನಿಲ್ಲಿಸುವವರು ಇದ್ದಾರೆ, ಹಾಗೆ ಮಾಡಬೇಡಿ.

ಮಗನಿಗೆ ಇನ್ನೊಂದು ವಿಷಯ ಹೇಳಿ. ಲೂಯಿ ಪಾಶ್ಚರ್ ತಾವು ತಯಾರಿಸಿದ ರೇಬೀಸ್ ಲಸಿಕೆಯಿಂದ ಕಾಪಾಡಿದ ಹುಡುಗ ಹೆಚ್ಚುಕಡಿಮೆ ಅವನ ವಯಸ್ಸಿನವನೇ. ಜೋಸೆಫ್ ಮೈಸ್ಟರ್, 9 ವರ್ಷ, ಫ್ರಾನ್ಸ್ ಗಡಿಯ ಅಲ್ಸೇಸ್ ಕಡೆಯವನು. ಅವನಿಗೂ ನಾಯಿ ಕಚ್ಚಿ ಎರಡು ದಿನ ಆಗಿತ್ತು, ತಾಯಿಯೇ ಪ್ಯಾರಿಸ್‌ಗೆ ಕರೆದುಕೊಂಡು ಹೋದಳು. 1885ರ ಜುಲೈ 6ರಂದು ಮೊದಲ ಚುಚ್ಚುಮದ್ದು ಬಿತ್ತು. ಅವನು ಬದುಕಿದ, ದೊಡ್ಡವನಾದ ಮೇಲೆ ಪಾಶ್ಚರ್ ಸಂಸ್ಥೆಯಲ್ಲೇ ಕೆಲಸಕ್ಕೆ ಸೇರಿದ. ನನ್ನ ಹತ್ತಿರ ಬರುವ ಮಕ್ಕಳಿಗೆಲ್ಲ ನಾನು ಈ ಕಥೆ ಹೇಳುತ್ತೇನೆ, ಸೂಜಿ ನೋಡುವ ಬದಲು ನನ್ನ ಮುಖ ನೋಡುತ್ತವೆ.

ನಾಯಿ ಚೆನ್ನಾಗಿದೆ, ಅದಕ್ಕೆ ಇಂಜೆಕ್ಷನ್ ಆಗಿದೆ ಅಂದಿದ್ದೀರಿ. ನಾಯಿಯ ಕಾರ್ಡು ಕೇಳಿ ನೋಡಿ, ಇದ್ದರೆ ಒಳ್ಳೆಯದೇ. ಬಹಳಷ್ಟು ಮನೆಗಳಲ್ಲಿ "ಎರಡು ವರ್ಷದ ಹಿಂದೆ ಒಂದು ಹಾಕಿಸಿದ್ವಿ" ಅನ್ನುವಷ್ಟೇ ಇರುತ್ತದೆ, ಆದರೆ ಅದಕ್ಕೆ ವರ್ಷಕ್ಕೊಮ್ಮೆ ಹಾಕಿಸುತ್ತಿರಬೇಕು. ಅದರ ಮೇಲೆ ನಿಮ್ಮ ಮಗನ ಚಿಕಿತ್ಸೆ ನಿಲ್ಲಿಸುವುದು ಬೇಡ. ನಾಯಿಯನ್ನು 10 ದಿನ ಕಟ್ಟಿಹಾಕಿ ನೋಡಿ ಅನ್ನುವುದು ನಿಜವಾದ ನಿಯಮವೇ. ನಾಯಿ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ವೈರಸ್ ಬಂದಿದ್ದರೆ ಅಷ್ಟು ದಿನದೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ. ಆದರೆ 10 ದಿನ ನೋಡಿ ಆಮೇಲೆ ಇಂಜೆಕ್ಷನ್ ಅಂತ ಅಲ್ಲ. ಇಂಜೆಕ್ಷನ್ ಇವತ್ತು ಶುರು, ನಾಯಿಯನ್ನು ನೋಡುವುದು ಜೊತೆಜೊತೆಗೆ. ಹತ್ತು ದಿನ ಕಳೆದು ನಾಯಿ ಚೆನ್ನಾಗೇ ಇದ್ದರೆ ಉಳಿದ ಡೋಸ್ ಬಗ್ಗೆ ಡಾಕ್ಟರ್ ತೀರ್ಮಾನ ಮಾಡುತ್ತಾರೆ, ನೀವೇ ನಿಲ್ಲಿಸಬೇಡಿ. ಪಕ್ಕದವರಿಗೆ ಹೇಳಿ, ನಾಯಿಯನ್ನು ಹೊಡೆದು ಓಡಿಸುವುದೂ ಬೇಡ, ಸಾಯಿಸುವುದೂ ಬೇಡ, ಕಟ್ಟಿ ಅನ್ನ ನೀರು ಕೊಟ್ಟು ನೋಡಿಕೊಳ್ಳಲಿ. ಅದರ ಬೊಗಳುವ ದನಿ ಬದಲಾಯಿತಾ, ಊಟ ಬಿಟ್ಟಿತಾ, ಕಂಡದ್ದನ್ನೆಲ್ಲ ಕಚ್ಚುತ್ತಿದೆಯಾ, ಗಮನಿಸಲಿ. ಹುಚ್ಚು ಅಂದರೆ ಬರೀ ಓಡಾಡಿ ಕಚ್ಚುವುದು ಅಂತ ಜನ ತಿಳಿದಿದ್ದಾರೆ. ಕೆಲವು ನಾಯಿ ಕತ್ತಲ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತವೆ, ಕೆಳದವಡೆ ಜೋತು ಜೊಲ್ಲು ಸುರಿಯುತ್ತಿರುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅಂತ ಬಾಯಿಗೆ ಕೈ ಹಾಕಿದವರನ್ನು ನಾನು ನೋಡಿದ್ದೇನೆ.

ಹಸುವಿನ ವಿಷಯದಲ್ಲೂ ಅದೇ ಆಗುತ್ತದೆ, ತೋಟದ ಮನೆಯವರು ನೀವು, ಕೇಳಿಸಿಕೊಳ್ಳಿ. ಹುಚ್ಚುನಾಯಿ ಕಚ್ಚಿದ ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತಾ, ದನಿ ಒಡೆದು ಕೂಗುತ್ತದೆ. ಏನೋ ಸಿಕ್ಕಿಕೊಂಡಿದೆ ಅಂತ ಬಾಯಿಗೆ ಕೈ ಹಾಕಬೇಡಿ, ಪಶುವೈದ್ಯರನ್ನು ಕರೆಸಿ. ಈಗಾಗಲೇ ಕೈ ಹಾಕಿದ್ದು, ಕೈಯಲ್ಲಿ ಗೀರು ಇದ್ದರೆ, ಅದು ಮೂರನೆಯ ದರ್ಜೆಯೇ. ಹಾಲಿನ ಬಗ್ಗೆ ಊರೇ ಹೆದರಿ ಬರುತ್ತದೆ. ಕಾಯಿಸಿದ ಹಾಲು ಕುಡಿದಿದ್ದರೆ ಭಯ ಬೇಡ, ಅಂಥ ಹಸುವಿನ ಹಾಲನ್ನು ಮುಂದೆ ಬಳಸಬೇಡಿ. ಬೆಕ್ಕು, ಕೋತಿ ಕಚ್ಚಿದರೆ, ಪರಚಿ ರಕ್ತ ಬಂದರೆ ನಾಯಿಗೆ ಮಾಡಿದ್ದನ್ನೇ ಮಾಡಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ, ಹೊರಗೆ ಚುಕ್ಕೆ ಕಾಣುತ್ತದೆ, ಒಳಗೆ ಆಳಕ್ಕೆ ಹೋಗಿರುತ್ತದೆ, ಮರುದಿನಕ್ಕೇ ಕೈ ಊದಿಕೊಳ್ಳುತ್ತದೆ. ಮನೆಯ ಇಲಿ ಕಚ್ಚಿದರೆ ಸಾಮಾನ್ಯವಾಗಿ ರೇಬೀಸ್ ಲಸಿಕೆ ಬೇಕಾಗುವುದಿಲ್ಲ, ತೊಳೆದು ಟಿಟಿಗೆ ತೋರಿಸಿ. ಹಾವಿಗೆ ಮಾತ್ರ ಈ ಯಾವುದೂ ಅಲ್ಲ. ಹಾವು ಕಚ್ಚಿದ ಜಾಗವನ್ನು ತೊಳೆಯುತ್ತಾ ಕೂರಬೇಡಿ, ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ. ಕೈಕಾಲು ಅಲುಗಾಡದಂತೆ ಇಟ್ಟುಕೊಂಡು ನೇರ ಆಸ್ಪತ್ರೆಗೆ.

ಈಗ ನೀವು ಕೇಳಿದ ಡಬ್ಬಿ. ದೊಡ್ಡ ಡಬ್ಬಿ ಬೇಡ. ಬೆಲ್ಲದ ಡಬ್ಬಿಯಷ್ಟು ಪ್ಲಾಸ್ಟಿಕ್ ಡಬ್ಬಿ ಸಾಕು, ಮಕ್ಕಳ ಕೈಗೆ ಎಟುಕದ, ದೊಡ್ಡವರಿಗೆ ಕತ್ತಲಲ್ಲೂ ಸಿಗುವ ಜಾಗದಲ್ಲಿರಲಿ. ಅದರಲ್ಲಿ ಮೊದಲು ಒಂದು ಹೊಸ ಸೋಪು, ಸ್ನಾನದ್ದಾದರೂ ಬಟ್ಟೆಯದಾದರೂ ಪರವಾಗಿಲ್ಲ. ಬಚ್ಚಲಲ್ಲಿ ಸೋಪು ಇದೆಯಲ್ಲ ಅಂತ ಬಿಡಬೇಡಿ, ಬೇಕಾದಾಗಲೇ ಅದು ಕರಗಿ ಚೂರಾಗಿರುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ದ್ರಾವಣದ ಒಂದು ಸಣ್ಣ ಬಾಟಲಿ, ಬೀಟಾಡಿನ್ ಅಂತ ಕೇಳಿದರೆ ಮೆಡಿಕಲ್ ಸ್ಟೋರಿನವರು ಕೊಡುತ್ತಾರೆ. ತೊಳೆದಾದ ಮೇಲೆ ಗಾಯದ ಮೇಲೆ ಅದನ್ನು ಹಾಕಬೇಕು, ತೊಳೆಯುವ ಬದಲಿಗೆ ಅಲ್ಲ. ಡೆಟಾಲನ್ನು ನೀರು ಬೆರೆಸದೆ ಸುರಿಯುವವರಿದ್ದಾರೆ, ಚರ್ಮ ಸುಡುತ್ತದೆ, ಬೇಡ. ನಾಲ್ಕಾರು ಪೊಟ್ಟಣ ಸ್ಟೆರೈಲ್ ಗಾಜ್, ಒಂದೆರಡು ಸುರುಳಿ ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ಎರಡು ಮೂರು ಜೊತೆ ಗ್ಲೌಸ್, ಇಸ್ತ್ರಿ ಮಾಡಿ ಕವರಿಗೆ ಹಾಕಿಟ್ಟ ಹಳೆಯ ಪಂಚೆಯ ತುಂಡು, ಅದು ರಕ್ತ ಒತ್ತಿ ಹಿಡಿಯಲು. ಹತ್ತಿಯನ್ನು ನೇರ ಗಾಯದ ಮೇಲೆ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಮಗುವಿನ ತೂಕಕ್ಕೆ ತಕ್ಕ ಅಳತೆಯನ್ನು ಡಾಕ್ಟರ್ ಹತ್ತಿರ ಬರೆಸಿಕೊಂಡು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಗಾಯಕ್ಕೆ ಉದುರಿಸುವ ಪುಡಿ, ಮುಲಾಮಿನ ಟ್ಯೂಬು ಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ, ಯುಗಾದಿಗೂ ಆಯುಧ ಪೂಜೆಗೂ ಮನೆ ತೊಳೆಯುವಾಗ, ಡಬ್ಬಿ ತೆರೆದು ತಾರೀಕು ನೋಡಿ ಹಳೆಯದನ್ನು ಬದಲಿಸಿ.

ಅದರಲ್ಲೇ ಒಂದು ಸಣ್ಣ ಪುಸ್ತಕವೂ ಇರಲಿ. ಯಾರಿಗೆ ಯಾವಾಗ ಟಿಟಿ ಆಯಿತು, ರೇಬೀಸ್ ಲಸಿಕೆ ಯಾವ ಯಾವ ತಾರೀಕು ಆಯಿತು, ಸೀರಮ್ ಸಿಗುವ ಹತ್ತಿರದ ಆಸ್ಪತ್ರೆ ಯಾವುದು. ಈ ಸಲ ಮಗನ ಕೋರ್ಸ್ ಪೂರ್ತಿ ಮುಗಿದರೆ, ಮುಂದೆ ಯಾವತ್ತಾದರೂ ಮತ್ತೆ ನಾಯಿ ಕಚ್ಚಿದಾಗ ಅವನಿಗೆ ಎರಡೇ ಡೋಸ್ ಸಾಕು, 0 ಮತ್ತು 3ನೆಯ ದಿನ, ಸೀರಮ್ ಬೇಡ. ಆ ಚೀಟಿ ಕಳೆದುಹೋಗಿದ್ದರೆ ಮತ್ತೆ ಎಲ್ಲ ಮೊದಲಿನಿಂದ. ಫೋನಿನಲ್ಲೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಗಾಯಕ್ಕೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಬೇಡಿ, ಸಡಿಲವಾಗಿ ಗಾಜ್ ಇಟ್ಟರೆ ಸಾಕು. ಹೊಲಿಗೆ ಹಾಕಿ ಅಂತ ನೀವೇ ಕೇಳಬೇಡಿ, ಹಾಕಲೇಬೇಕಾದ ದೊಡ್ಡ ಗಾಯವಾದರೆ ಮೊದಲು ಸೀರಮ್ ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಎಷ್ಟು ಕಡಿಮೆ ಆಗುತ್ತದೋ ಅಷ್ಟು ಹಾಕುತ್ತಾರೆ.

ಇನ್ನೊಂದು ಮಾತು, ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ನಿಲ್ಲುತ್ತದೆ. ನಿಮ್ಮ ಮಗ ಬಂದು ಹೇಳಿದ, ಅದೇ ದೊಡ್ಡದು. ಹೇಳದ ಮಕ್ಕಳು ಇದ್ದಾರೆ. ನಾಯಿ ಹತ್ತಿರ ಹೋಗಬೇಡ ಅಂದಿರಲಿಲ್ವಾ ಅಂತ ಬೈಗುಳ ಬೀಳುತ್ತದೆ, ಇಲ್ಲವೇ ಇಂಜೆಕ್ಷನ್ ಚುಚ್ಚುತ್ತಾರೆ, ಆ ಭಯಕ್ಕೆ ಪ್ಯಾಂಟು ಇಳಿಬಿಟ್ಟು ಮುಚ್ಚಿಕೊಂಡು ಮಲಗುತ್ತಾರೆ. ನಾಯಿ ಕಚ್ಚಿದರೆ, ಪರಚಿದರೆ, ಮರಿ ಆಡುವಾಗ ಹಲ್ಲು ತಾಗಿಸಿದರೂ ಬಂದು ಹೇಳು, ನಾನು ಬೈಯುವುದಿಲ್ಲ ಅಂತ ಮನೆಯ ಮಕ್ಕಳಿಗೆಲ್ಲ ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿ. ಹೇಳಿದ ಮೇಲೆ ನಿಜವಾಗಲೂ ಬೈಯಬೇಡಿ. ನಾಯಿ ಎದುರಾದಾಗ ಓಡದೆ, ಕಿರುಚದೆ, ಅದರ ಕಣ್ಣು ನೋಡದೆ, ಕೈ ಮೈಗೆ ಅಂಟಿಸಿ ತೆಂಗಿನ ಮರದ ಹಾಗೆ ನಿಲ್ಲುವುದನ್ನೂ ಕಲಿಸಿ. ಮರಿ ಹಾಕಿದ ನಾಯಿ, ಊಟ ಮಾಡುವ ನಾಯಿ, ಮಲಗಿದ ನಾಯಿಯ ತಂಟೆ ಬೇಡ.

ಕೋಳಿ, ಮೀನು, ಮೊಟ್ಟೆ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ, ನೀವೂ ಕೇಳುತ್ತೀರಿ. ಪಥ್ಯ ಏನೂ ಇಲ್ಲ, ಎಲ್ಲ ತಿನ್ನಲಿ. ಸ್ನಾನ ಮಾಡಲಿ, ಶಾಲೆಗೆ ಹೋಗಲಿ. ಇಂಜೆಕ್ಷನ್ ಜಾಗ ಸ್ವಲ್ಪ ಕೆಂಪಾಗಿ ತುರಿಸಬಹುದು, ಒಂದು ದಿನ ಮೈ ಬೆಚ್ಚಗಾಗಬಹುದು, ಅದಕ್ಕೆ ಹೆದರಿ ಮುಂದಿನ ಡೋಸ್ ಬಿಡಬೇಡಿ. ಸೀರಮ್ ಹಾಕಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂತಿದ್ದು ಬನ್ನಿ, ಅಪರೂಪಕ್ಕೆ ಅಲರ್ಜಿ ಆದರೆ ಅಲ್ಲೇ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದು ಅವರಿಗೆ ಕಚ್ಚಿದ್ದರೂ ಇದೇ ಚಿಕಿತ್ಸೆ, ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲ.

ಇವತ್ತು ಮೊದಲ ಇಂಜೆಕ್ಷನ್ ಆದ ತಾರೀಕು, ಸೀರಮ್ ಹಾಕಿದರೋ ಇಲ್ಲವೋ, ಈ ಎರಡನ್ನು ಬರೆದು ಕಳಿಸಿ. ಮುಂದಿನ ದಿನಗಳನ್ನು ನಾನು ಎಣಿಸಿ ಹೇಳುತ್ತೇನೆ.